ಹೋದ ವರ್ಷದ ನೀರು

ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರಲ್ಲಿ ತಾರೀಖು ಕೇಳಿದರೆ ಹಿರಿಯರು ತಡವರಿಸಿಯಾರು, ಹೊಲದಲ್ಲಿ ಚರಗ ಚೆಲ್ಲುವ ಎಳ್ಳಮಾಸಿ ಮಾತ್ರ ಯಾರಿಗೂ ಮರೆಯದು. ‘ಜ್ವರ ಬಂದದ್ದು ಚರಗ ಚೆಲ್ಲಿದ ಮರುದಿನಾರೀ’ ಎಂದು ಅಜ್ಜಿಯೊಬ್ಬಳು ಅಂದರೆ ರೋಗ ಹರಡುವ ಬಗೆಯನ್ನು ಓದುವ ಎಪಿಡೆಮಿಯಾಲಜಿ ವಿದ್ಯಾರ್ಥಿಗೆ ಅಷ್ಟು ಸಾಕು. ಕಾರಹುಣ್ಣಿಮೆ, ನಾಗರಪಂಚಮಿ, ಶರಣಬಸವೇಶ್ವರ ಜಾತ್ರೆಗಳನ್ನೆಲ್ಲ ಗುರುತುಹಾಕಿದ ಪಟ್ಟಿಯೊಂದು ಚೀಲದಲ್ಲಿದ್ದರೆ ತಾರೀಖು ತಾನಾಗಿ ಸಿಗುತ್ತದೆ.

ಯುಜಿಸಿಯ 2022ರ ನಿಯಮದಂತೆ ಈ ವಿಷಯದ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ. ಅದರಲ್ಲಿ ಎಷ್ಟೋ ತಿಂಗಳು ಪ್ರಶ್ನಾವಳಿ ತಿದ್ದುವುದರಲ್ಲೇ ಕಳೆಯುತ್ತದೆ. ಈ ಓದಿನ ನಿಜವಾದ ರುಚಿ ಇರುವುದೂ ಅಲ್ಲೇ.

ನಾರುಹುಣ್ಣನ್ನೇ ನೋಡಿ. 1980ರ ದಶಕದಲ್ಲಿ ಅದು ಕಾಡುತ್ತಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಲಿನ ಬೊಕ್ಕೆಯಿಂದ ನೂಲಿನಂಥ ಹುಳು ಹೊರಬರುವಾಗ ಉರಿ ತಡೆಯಲಾರದೆ ರೋಗಿ ಮೆಟ್ಟಿಲುಬಾವಿಗೆ ಇಳಿಯುತ್ತಿದ್ದ. ಹುಳು ನೀರಿಗೆ ಮರಿ ಬಿಡುತ್ತಿತ್ತು, ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಆ ಮರಿಗಳನ್ನು ನುಂಗುತ್ತಿತ್ತು, ಊರು ಅದೇ ನೀರು ಕುಡಿಯುತ್ತಿತ್ತು. ಹುಳು ಮತ್ತೆ ತಲೆ ಹಾಕುವುದು ಸುಮಾರು ಒಂದು ವರ್ಷದ ಮೇಲೆ. ಆದ್ದರಿಂದ ಈಗ ಕುಡಿಯುವ ನೀರು ಯಾವುದೆಂದು ಕೇಳಿದವನಿಗೆ ತಪ್ಪು ಬಾವಿ ಸಿಗುತ್ತದೆ. ಕೇಳಬೇಕಾದದ್ದು, ‘ಯಪ್ಪಾ, ಹೋದ ವರ್ಷ ಈ ಹೊತ್ತಿನ್ಯಾಗ ಯಾವ ಬಾವಿ ನೀರು ಕುಡೀತಿದ್ರಿ?’

ಈ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿ, ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿ ಅದನ್ನು ಓಡಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2000ರಲ್ಲಿ ಭಾರತವನ್ನು ನಾರುಹುಣ್ಣುಮುಕ್ತವೆಂದು ಸಾರಿತು. ನಮ್ಮ ಶಾಲಾಪುಸ್ತಕಗಳಲ್ಲಿ ಈ ಗೆಲುವಿಗೆ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ಕೆಲವು ಪ್ರಶ್ನೆಗಳಿಗೆ ವರ್ಷವೊಂದು ಸಾಲದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1954ರವರೆಗೆ ಅಲ್ಲಿ ಹುಟ್ಟಿದವರ ಪೈಕಿ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಹುಟ್ಟುವಾಗ ಎರಡೂವರೆ ಕಿಲೋಗಿಂತ ಹೆಚ್ಚು ತೂಗದೆ, ಬಸುರಿಯಾಗಿದ್ದಾಗ ತಾಯಿಯೂ 45 ಕಿಲೋ ಮುಟ್ಟದೆ ಇದ್ದವರಲ್ಲೇ ಹೃದ್ರೋಗ ಎಲ್ಲರಿಗಿಂತ ಹೆಚ್ಚು, ನೂರಕ್ಕೆ 20. ಹೆರಿಗೆ ಕೋಣೆಯಲ್ಲಿ ತಕ್ಕಡಿ ನೋಡಿ ಅಂಕಿ ಬರೆದ ದಾದಿಯರಿಗೆ ಅದು ಹೃದಯದ ಲೆಕ್ಕವಾದೀತೆಂಬ ಊಹೆ ಎಲ್ಲಿಂದ ಬರಬೇಕು? ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಅವರ ಮಕ್ಕಳು ಬೆಳೆದಂತೆಲ್ಲ ಕರೆಸಿ, ಮತ್ತೆ ಮತ್ತೆ ಅಳೆದು ಬರೆದುಕೊಂಡರು.