ನನ್ನ ಲೈಸೆನ್ಸಿನ ವ್ಯಾಜ್ಯ

ತಪ್ಪು ಮಾಡಿ ಸಿಕ್ಕಿಬಿದ್ದವನ ಕಣ್ಣಿಗೆ ಮೊದಲು ಕಾಣುವುದು ಹಿಡಿದವನ ತಪ್ಪು. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಕಾರು ನಡೆಸುವ ಲೈಸೆನ್ಸನ್ನು ಕಳೆದುಕೊಂಡು ಕಲಿತೆನು.

ಬೆಂಗಳೂರಿನಲ್ಲಿ ಮಿತ್ರರೊಬ್ಬರ ಮಗಳ ಆರತಕ್ಷತೆ. ಊಟಕ್ಕೆ ಮುಂಚೆ ಮಹಡಿಯ ಮೇಲೆ ಹಳೆಯ ಸ್ನೇಹಿತರ ಗೋಷ್ಠಿ ಸೇರಿತು. ದಾಕ್ಷಿಣ್ಯಕ್ಕೆಂದು ಎರಡು ಲೋಟ ಮದ್ಯವೂ ಒಳಗೆ ಹೋಯಿತು. ಹಿಂದಿರುಗುವಾಗ ಪೋಲೀಸರು ಕಾರನ್ನು ನಿಲ್ಲಿಸಿ ಯಂತ್ರದೊಳಕ್ಕೆ ಉಸಿರನ್ನು ಊದಿಸಿದರು. ಅದು 52 ಎಂದು ತೋರಿಸಿತು. 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಲೈಸೆನ್ಸನ್ನು ತೆಗೆದುಕೊಂಡು ರಸೀದಿಯೊಂದನ್ನು ಕೊಟ್ಟರು. ನಾನು ಆಟೋ ಹಿಡಿದು ಮನೆ ಸೇರಿದೆನು.

2019ರ ತಿದ್ದುಪಡಿಯಾದಂದಿನಿಂದ ಮೊದಲ ಅಪರಾಧಕ್ಕೆ 10,000 ರೂಪಾಯಿ ಜುಲ್ಮಾನೆ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಜುಲ್ಮಾನೆ ಕಟ್ಟಿದೆನು. ಅಲ್ಲಿಗೆ ಪೀಡೆ ತೊಲಗಿತೆಂದು ಭಾವಿಸಿದೆನು. ಅನೇಕರು ಹೀಗೆಯೇ ಭಾವಿಸುತ್ತಾರೆ. ಆದರೆ ನ್ಯಾಯಾಲಯದ ದಂಡವೇ ಬೇರೆ, ಲೈಸೆನ್ಸು ಕೊಟ್ಟ ಅಧಿಕಾರಿಯ ವಿಚಾರಣೆಯೇ ಬೇರೆ. ಕೆಲವು ದಿನಗಳಲ್ಲಿ, ನಿಮ್ಮ ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದೆಂದು ಕೇಳುವ ನೋಟೀಸು ಬಂದಿತು. 19ನೆಯ ಕಲಮಿನಂತೆ ಆ ಅಧಿಕಾರಿಯು ನಮ್ಮ ಅಹವಾಲನ್ನು ಕೇಳಿದ ಮೇಲೆಯೇ ಆಜ್ಞೆ ಮಾಡಬೇಕು.

ನನಗೆ ಎಲ್ಲಿಲ್ಲದ ಉತ್ಸಾಹ ಬಂದಿತು. ವಕೀಲನಾದ ನನ್ನ ಭಾವಮೈದುನನನ್ನು ಕರೆಯಿಸಿ, "ಆ ಯಂತ್ರವನ್ನು ಎಂದು ಪರೀಕ್ಷಿಸಿದ್ದರೆಂದು ಕೇಳೋಣವಯ್ಯ" ಎಂದೆನು.

"ಅದನ್ನು ನ್ಯಾಯಾಲಯದಲ್ಲಿ ಕೇಳಬೇಕಾಗಿತ್ತು, ಭಾವ. ಅಲ್ಲಿ ಒಪ್ಪಿಕೊಂಡು ಇಲ್ಲಿ ಯಂತ್ರವನ್ನು ದೂರಿದರೆ ಯಾರು ಕೇಳುತ್ತಾರೆ?" ಎಂದನು.

ಉಳಿದುದು ಒಂದೇ ದಾರಿ. ನಮ್ಮ ತಾಯಿಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಆಸ್ಪತ್ರೆಗೆ ಕರೆದೊಯ್ಯುವವನು ನಾನೇ. ಇದನ್ನೇ ಮುಂದಿಟ್ಟುಕೊಂಡು ನಾಲ್ಕು ಪುಟಗಳ ಉತ್ತರವನ್ನು ಬರೆದೆನು. ನನ್ನ ಹೆಂಡತಿ ಅದನ್ನು ಓದಿ, "ಎಲ್ಲವೂ ಚೆನ್ನಾಗಿದೆ, ನೀವು ಕುಡಿದಿದ್ದ ಸಂಗತಿಯೊಂದೇ ಇದರಲ್ಲಿ ಇಲ್ಲ" ಎಂದಳು. ಒಳಗಿನಿಂದ ತಾಯಿಯವರು, "ನನ್ನನ್ನು ಅದರಲ್ಲಿ ಏಕೆ ಎಳೆಯುತ್ತೀಯಪ್ಪ? ನಾನು ಆಟೋದಲ್ಲಿ ಹೋಗುತ್ತೇನೆ. ಆ ರಾತ್ರಿ ನೀನು ಮನೆಗೆ ಬಾರದೆ ಹೋಗಿದ್ದರೆ ನನ್ನನ್ನು ಯಾರು ಕರೆದುಕೊಂಡು ಹೋಗುತ್ತಿದ್ದರು?" ಎಂದರು.

ಆ ಪ್ರಶ್ನೆಗೆ ನನ್ನ ನಾಲ್ಕು ಪುಟಗಳಲ್ಲಿ ಉತ್ತರವಿರಲಿಲ್ಲ. ಅವನ್ನು ಹರಿದುಹಾಕಿ ಒಂದೇ ಪುಟ ಬರೆದೆನು: ಕುಡಿದಿದ್ದುದು ನಿಜ, ಇದು ಮೊದಲನೆಯ ಸಲ, ಮನೆಯ ಸ್ಥಿತಿ ಹೀಗಿದೆ, ಅವಧಿಯನ್ನು ಸಾಧ್ಯವಾದಷ್ಟು ಕಡಮೆ ಮಾಡಬೇಕು.

ಅಧಿಕಾರಿಗಳು ಸಾವಧಾನವಾಗಿ ಓದಿದರು. ಕುಡಿದು ವಾಹನ ನಡೆಸಿದವರ ಲೈಸೆನ್ಸನ್ನು 3 ತಿಂಗಳಿಗೆ ಕಡಮೆಯಿಲ್ಲದೆ ಅಮಾನತು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿಯೇ ಸೂಚಿಸಿದೆಯೆಂದು ತಿಳಿಸಿ, ಅಷ್ಟನ್ನೇ ವಿಧಿಸಿದರು. ಆಜ್ಞೆ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವುಂಟು. ಭಾವಮೈದುನನು ಅದನ್ನು ಜ್ಞಾಪಿಸಿದನು. ನಾನು ಬೇಡವೆಂದೆನು.

ಮೂರು ತಿಂಗಳು ತಾಯಿಯವರೊಡನೆ ಆಟೋದಲ್ಲಿ ಹೋಗಿಬಂದೆನು. ದಾರಿ ನೋಡುವ ಕೆಲಸ ತಪ್ಪಿದುದರಿಂದ ಅವರ ಮಾತನ್ನು ಪೂರ್ತಿಯಾಗಿ ಕೇಳುವ ಅವಕಾಶವಾಯಿತು.

ನೋಟೀಸು ಬಂದ ಗೃಹಸ್ಥರು ಸುಮ್ಮನೆ ಕೂರಬಾರದು. ವಾಯಿದೆಯೊಳಗೆ ಉತ್ತರ ಕೊಡಬೇಕು. ನಿಜವಾಗಿ ಅನ್ಯಾಯವಾಗಿದ್ದರೆ ಕೊನೆಯವರೆಗೂ ಹೋರಾಡಬೇಕು. ಆದರೆ ಆ ಉತ್ತರವನ್ನು ಕಳುಹಿಸುವ ಮುನ್ನ ಮನೆಯವರಿಗೆ ಒಮ್ಮೆ ಓದಿ ಹೇಳುವುದು ಒಳ್ಳೆಯದು. ಈಗ ನನ್ನ ಲೈಸೆನ್ಸು ನನ್ನ ಕೈಗೆ ಬಂದಿದೆ. ಆರತಕ್ಷತೆಗಳಿಗೆ ಮಾತ್ರ ಆಟೋದಲ್ಲಿಯೇ ಹೋಗುತ್ತೇನೆ.