ಮೊಳೆ ಹೊಡೆಯಬೇಡಿ

ಒಂದು ಸರ್ವರ್, ಒಂದು ಡೇಟಾಬೇಸ್, ಒಬ್ಬ ಡಿಬಿಎ ಇದ್ದ ಕಾಲದಲ್ಲಿ ನಮ್ಮ ದರ್ಬಾರಿಗೆ ಮಿತಿಯೇ ಇರಲಿಲ್ಲ. ಇನಿಟ್ ಡಾಟ್ ಓರಾ ಎಂಬ ಫೈಲನ್ನು ವಿಐನಲ್ಲಿ ತೆರೆದು, ಮೆಮೊರಿಯ ಅಂಕಿಯೊಂದನ್ನು ತಿದ್ದಿ, ಡೇಟಾಬೇಸನ್ನು ಮಲಗಿಸಿ ಎಬ್ಬಿಸಿದರೆ ಮುಗಿಯಿತು. ಕೆಟ್ಟರೆ ನಮ್ಮದೇ ಕೆಡುತ್ತಿತ್ತು.

2013ರಲ್ಲಿ ಒರಾಕಲ್ 12ಸಿ ಬಂದು ನಮ್ಮನ್ನೆಲ್ಲ ವಠಾರಕ್ಕೆ ಹಾಕಿತು. ಕಂಟೇನರ್ ಎಂಬ ಒಂದು ದೊಡ್ಡ ಡೇಟಾಬೇಸು, ಅದರೊಳಗೆ ಪ್ಲಗಬಲ್ ಡೇಟಾಬೇಸುಗಳೆಂಬ ಬಾಡಿಗೆ ಮನೆಗಳು. ಮೊದಲು 252ರವರೆಗೆ ಇದ್ದದ್ದು, 12.2ರ ಹೊತ್ತಿಗೆ 4,096. ಬಾಗಿಲು, ಅಡುಗೆಮನೆ ಅವರವರದು. ಮೆಮೊರಿ, ಪ್ರೊಸೆಸರ್ ಮಾತ್ರ ಹಿತ್ತಲ ಬಾವಿ. ತಿಂಗಳ ಕೊನೆಗೆ ಸಂಬಳದ ಮನೆಯವರು ಸಿಪಿಯು ಕೌಂಟ್ ಏರಿಸಿಕೊಂಡರೆ ಪಕ್ಕದವರ ರಿಪೋರ್ಟು ತೆವಳುತ್ತದೆ.

ಅದಕ್ಕೇ 12.2ರಲ್ಲಿ ಲಾಕ್‌ಡೌನ್ ಪ್ರೊಫೈಲ್ ಬಂತು. ಅದಕ್ಕೂ ಮುಂಚೆ ಆಲ್ಟರ್ ಸಿಸ್ಟಮ್ ಅಧಿಕಾರ ಕೊಟ್ಟರೆ ಇಡಿಯಾಗಿ ಕೊಡಬೇಕು, ಇಲ್ಲವೇ ಕೈಯೆತ್ತಬೇಕು. ಈಗ ಓನರ್ ರೂಟಿನಲ್ಲಿ ಕೂತು ಒಂದೊಂದೇ ಷರತ್ತು ಬರೆಯಬಹುದು. ಸೆಷನ್ ಕೊಲ್ಲು, ಅಡ್ಡಿಯಿಲ್ಲ. ಷೇರ್ಡ್ ಪೂಲ್ ಫ್ಲಶ್ ಮಾಡಬೇಡ. ಸಿಪಿಯು ಕೌಂಟ್ ಬದಲಿಸಿಕೋ, ಆದರೆ 2ರಿಂದ 6ರೊಳಗೆ.

ಆ ಓನರ್ ಈಗ ನಾನೇ.

"ಸಾರ್, ನಂಗೆ ಡಿಬಿಎ ರೋಲ್ ಇದೆ. ಆದ್ರೂ ಓರಾ-01031 ಬರ್ತಿದೆ, ಪ್ರಿವಿಲೇಜ್ ಸಾಲದಂತೆ."

"ಪ್ರಿವಿಲೇಜ್ ಇದೆಯಪ್ಪ. ಬಿಡೋದಿಲ್ಲ, ಅಷ್ಟೆ."

ಬೀಗದ ಮೇಲೆ ನನಗೆ ಸಿಟ್ಟಿಲ್ಲ, ಅದು ಬೇಕೇ ಬೇಕು. ಬೇಸರ ಬೇರೆಯದು. ಹಳೆಯ ಇನಿಟ್ ಡಾಟ್ ಓರಾದಲ್ಲಿ ಹಿಂದಿನವರು ಸಾಲಿನ ಪಕ್ಕ ಹ್ಯಾಶ್ ಹಾಕಿ ಕಾರಣ ಬರೆದಿಡುತ್ತಿದ್ದರು: ಇಯರ್ ಎಂಡಿಂಗಿಗೆ ಏರಿಸಿದ್ದು, ಏಪ್ರಿಲ್‌ನಲ್ಲಿ ಇಳಿಸಿ. ಯಾವ ಏಪ್ರಿಲ್‌ನಲ್ಲೂ ಯಾರೂ ಇಳಿಸುತ್ತಿರಲಿಲ್ಲ ಅನ್ನಿ. ಆದರೆ ಕೊನೆಯಲ್ಲಿ ಒಂದು ಇನಿಷಿಯಲ್ ಇರುತ್ತಿತ್ತು. ಅದರ ಜಾಡು ಹಿಡಿದು ಮೇಲಿನ ಮಹಡಿಗೆ ಹೋಗಿ ಜಗಳವಾಡಬಹುದಿತ್ತು. ಲಾಕ್‌ಡೌನ್ ಪ್ರೊಫೈಲಿನಲ್ಲಿ ಏನು ಬೇಡ ಎಂದು ಬರೆಯಲು ಜಾಗವುಂಟು, ಯಾಕೆ ಬೇಡ ಎಂದು ಬರೆಯಲು ಇಲ್ಲ. ಎಂಥ ಜಿಪುಣ ಓನರ್ ಕೂಡ ಮೊಳೆ ಹೊಡೆಯಬೇಡಿ ಅನ್ನುವಾಗ "ಗಾರೆ ಉದುರುತ್ತೆ ಕಣ್ರೀ" ಎಂದಾದರೂ ಗೊಣಗುತ್ತಾನೆ.

ಹಾಗಾಗಿ ಒಂದೊಂದು ಷರತ್ತಿನ ಕಾರಣವನ್ನೂ ಬೇರೊಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತೇನೆ. ಅದನ್ನು ಯಾರೂ ತೆರೆಯುವುದಿಲ್ಲವೆಂದು ಧೈರ್ಯವಾಗಿದ್ದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿದಳು.

"ಸಾರ್, ನೀವು 6 ಅಂತ ಮಿತಿ ಹಾಕಿದ್ದು ಹಳೇ ಸರ್ವರ್‌ಗೆ. ಹೊಸದ್ರಲ್ಲಿ ಕೋರ್ ಜಾಸ್ತಿ ಇದೆಯಲ್ಲ, 8 ಮಾಡಬಹುದಲ್ವಾ?"

"ಆಗಲ್ಲ."

"ಯಾಕೆ ಸಾರ್?"

ಎಷ್ಟು ಕಾಲವಾಗಿತ್ತು ಈ ಪ್ರಶ್ನೆ ಕೇಳಿ! ಅವಳು ಹೇಳಿದ್ದು ಸರಿಯೇ ಇತ್ತು, 8 ಮಾಡಿದರೆ ನಷ್ಟವೇನಿರಲಿಲ್ಲ. ಆದರೂ ಅಷ್ಟು ಸುಲಭವಾಗಿ ಒಪ್ಪಿಕೊಂಡುಬಿಟ್ಟರೆ ಹೇಗೆ?

"ಮೇಲೆ ಬಾಮ್ಮ, ಕಾಫಿ ಕುಡೀತಾ ಹೇಳ್ತೀನಿ" ಎಂದೆ.