ಬಿಸಾಡದವರ ಊರಿನಲ್ಲಿ ಚಳಿಗಾಲ

ಕರಾವಳಿಗೆ ಚಳಿಗಾಲವೆಂಬುದೇ ಇಲ್ಲವೆಂದು ಘಟ್ಟದ ಮೇಲಿನವರು ಹಾಸ್ಯ ಮಾಡುವುದುಂಟು. ಕೊಡಗಿನ ಮಂಜನ್ನು ಕಂಡವರಿಗೆ ಕುಂದಾಪುರದ ಡಿಸೆಂಬರ್ ತಿಂಗಳು ಬೇಸಗೆಯಂತೆಯೇ ತೋರಿದರೆ ಅಚ್ಚರಿಯೇನಿಲ್ಲ. ಬೆಳಗಿನ ಜಾವ ಉಷ್ಣಮಾನ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ಇಲ್ಲಿನ ಹಿರಿಯರು ತಲೆಗೆ ಬೈರಾಸು ಸುತ್ತಿಕೊಂಡು ಬಚ್ಚಲೊಲೆಯ ಮುಂದೆ ಕುಳಿತುಬಿಡುತ್ತಾರೆ. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಚಳಿಗಾಲದ ಅರ್ಥವೇ ಬೇರೆ. ನಾಲ್ಕು ತಿಂಗಳು ಒಳಗೆ ಅಡಗಿದ್ದ ಬದುಕು ಅಂಗಳಕ್ಕೆ ಇಳಿದುಬರುವ ಕಾಲ ಅದು. ಚಾಪೆ, ಗೆರಸೆ, ಹಳೆಯ ಪೆಟ್ಟಿಗೆ, ಅಟ್ಟದ ಮೇಲಿನ ಪಾತ್ರೆ, ಎಲ್ಲವೂ ಬಿಸಿಲು ಕಾಯಲು ಹೊರಬರುತ್ತವೆ. ಅವುಗಳ ಹಿಂದೆಯೇ ಬೆಕ್ಕು ಬರುತ್ತದೆ, ಮಕ್ಕಳು ಬರುತ್ತಾರೆ, ದೂರದ ನಾಡಿನ ಹಕ್ಕಿಗಳೂ ಬರುತ್ತವೆ.

1997ರಲ್ಲಿ ಉಡುಪಿ ಜಿಲ್ಲೆ ರೂಪುಗೊಂಡ ಮೇಲೆ, ಕಾಲಕ್ರಮದಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದವು. ಕಚೇರಿಗಳ ಗಡಿ ಬದಲಾಯಿತೇ ಹೊರತು ಮನೆಗಳ ರೀತಿ ಬದಲಾಗಲಿಲ್ಲ. ಮುರಿದ ಬುಟ್ಟಿಯನ್ನೋ ಹರಿದ ಸೀರೆಯನ್ನೋ ಎಸೆಯಲು ಹೊರಟ ಸೊಸೆಯನ್ನು ಇಲ್ಲಿನ ಅತ್ತೆ ತಡೆಯುವುದು ಒಂದೇ ಮಾತಿನಿಂದ: "ಇರ್ಲಿ ಹೆಣ್ಣೆ, ಎಂತಕಾರೂ ಆತ್ತ್." ಯಾವುದಕ್ಕಾದರೂ ಆಗುತ್ತದೆ ಎಂಬ ಈ ನಂಬಿಕೆಯೇ ಈ ಸೀಮೆಯ ಗೃಹಕೃತ್ಯದ ಮೂಲಮಂತ್ರ.

ಚಳಿಗಾಲದ ಬಾಗಿಲು ತೆರೆಯುವುದು ಕುಂದಾಪುರದ ನೆರೆಯ ಕೋಟೇಶ್ವರದಲ್ಲಿ. ವೃಶ್ಚಿಕ ಮಾಸದ ಹುಣ್ಣಿಮೆಗೆ ಅಲ್ಲಿ ಕೋಟಿಲಿಂಗೇಶ್ವರನ ರಥೋತ್ಸವ. ಜನ ಅದನ್ನು ಕರೆಯುವುದು ಕೊಡಿ ಹಬ್ಬವೆಂದು. ಹೊಸದಾಗಿ ಮದುವೆಯಾದವರು ಬಂದು ಕಬ್ಬಿನ ಕೊಡಿಯನ್ನು ಮನೆಗೆ ಕೊಂಡೊಯ್ಯುವುದು ಸಂಪ್ರದಾಯ. ತೇರಿನ ದಾರಿಯ ಎರಡು ಬದಿಗೂ ಅಂಗಡಿಗಳ ಸಾಲು. ಬಳೆ, ಬೆಂಡು ಬತ್ತಾಸು, ಕತ್ತಿ, ಚಾಪೆ, ಬುಟ್ಟಿ. ಐದು ಅಂಗಡಿ ಸುತ್ತಿ, ಚೌಕಾಸಿ ಮಾಡಿ, ಕೊನೆಗೆ ಮೊದಲನೆಯ ಅಂಗಡಿಗೇ ಮರಳಿ ಹತ್ತು ರೂಪಾಯಿ ಇಳಿಸಿಕೊಂಡವಳ ಮುಖದಲ್ಲಿರುವ ಗೆಲುವು ಇಡೀ ಅಂಗಡಿಯನ್ನೇ ಕೊಂಡವಳಿಗೂ ದಕ್ಕದು. ಅವಳಿಗೆ ಬೇಕಾದದ್ದು ಆ ಹತ್ತು ರೂಪಾಯಿಯಷ್ಟೇ ಅಲ್ಲ. ವಸ್ತುವಿನ ಹೆಣಿಗೆಯನ್ನು ಬೆರಳಿನಿಂದ ಒತ್ತಿ ನೋಡಿ, ಇದು ಎಷ್ಟು ವರ್ಷ ಬಾಳೀತೆಂದು ತೂಗಿ ಕೊಳ್ಳುವ ಸಂತೋಷ.

ಕುಂದಾಪುರವನ್ನು ದಾಟಿ ಉತ್ತರಕ್ಕೆ ಹೊರಟರೆ ಪಂಚಗಂಗಾವಳಿಯ ನೀರು ಕಣ್ಣಿಗೆ ಬೀಳುತ್ತದೆ. ಆ ನೀರಿನ ನಡುವೆ ಉಪ್ಪಿನಕುದ್ರು. ಯಕ್ಷಗಾನದ ವೇಷಭೂಷಣ ತೊಟ್ಟ ಸೂತ್ರದ ಗೊಂಬೆಗಳಿಂದ ಹೆಸರಾದ ಊರಿದು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ಗೊಂಬೆಗಳ ಎತ್ತರ ಸುಮಾರು ಒಂದೂವರೆ ಅಡಿ. ಮರವನ್ನು ಕೆತ್ತಿ, ಬಣ್ಣ ಬಳಿದು, ಬಟ್ಟೆ ಹೊಲಿದು, ಕೀಲುಗಳಿಗೆ ದಾರ ಕಟ್ಟಿದ ಮೇಲೆ ಒಂದು ಮರದ ತುಂಡು ರಾವಣನಾಗಿ ಹೂಂಕರಿಸುತ್ತದೆ. ಕೈಕೆಲಸವನ್ನು ಹೊತ್ತುಹೋಗದವರ ಉದ್ಯೋಗವೆಂದು ತಿಳಿದವರು ಒಮ್ಮೆ ಈ ಕುದ್ರುವಿಗೆ ಹೋಗಿಬರಬೇಕು.

ಅಲ್ಲಿಂದ ಮುಂದಿನ ಹೆಮ್ಮಾಡಿಯಲ್ಲಿ ಜನವರಿ ತಿಂಗಳೆಂದರೆ ಸೇವಂತಿಗೆ. ಗದ್ದೆಗೆ ಗದ್ದೆಯೇ ಹಳದಿಯಾಗಿ ನಿಂತಿರುತ್ತದೆ. ಮಕರ ಸಂಕ್ರಾಂತಿಯ ಹೊತ್ತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೆ ಸಲ್ಲುವ ಹೂವಿದು. ಮನೆಯ ಹೆಂಗಸರು ಅದನ್ನು ಪೋಣಿಸುವ ಬಾಳೆನಾರು ಹಿತ್ತಿಲಿನದೇ. ಗೊನೆ ಕಡಿದ ಬಾಳೆಯ ದಿಂಡು ಪಲ್ಯಕ್ಕೆ, ಎಲೆ ಊಟಕ್ಕೆ, ನಾರು ಹೂವಿಗೆ, ಉಳಿದದ್ದು ಹಟ್ಟಿಯ ಗಂಟಿಗಳಿಗೆ. ಇನ್ನು ಎಸೆಯಲು ಉಳಿದದ್ದಾದರೂ ಏನು?

ಮರವಂತೆಯನ್ನು ಬಲ್ಲದವರು ಕಡಿಮೆ. ಒಂದು ಮಗ್ಗುಲಲ್ಲಿ ಅರಬ್ಬೀ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಚಳಿಗಾಲದಲ್ಲಿ ಈ ದಂಡೆಗಳ ಮೇಲೆ ಕಡಲಕಾಗೆಗಳು ಗುಂಪಾಗಿ ಇಳಿಯುತ್ತವೆ. ಅವುಗಳಲ್ಲಿ ಕಂದುತಲೆಯ ಜಾತಿಯದು ಮೊಟ್ಟೆಯಿಡುವುದು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ. ವಿಚಿತ್ರವೆಂದರೆ, ಇಲ್ಲಿಗೆ ಬರುವಾಗ ಅದರ ತಲೆ ಕಂದಾಗಿರುವುದಿಲ್ಲ; ಬಣ್ಣ ಮಾಸಿ ಕಣ್ಣಿನ ಹಿಂದೆ ಒಂದು ಕಪ್ಪು ಗುರುತು ಮಾತ್ರ ಉಳಿದಿರುತ್ತದೆ. ಬಲೆ ಕೊಡವುವ ಮೀನುಗಾರರ ಸುತ್ತ ಹಾರಾಡಿ, ಅವರು ಬೇಡವೆಂದ ಸಣ್ಣ ಮೀನನ್ನು ಹೆಕ್ಕಿ ತಿಂದು ಚಳಿಗಾಲವನ್ನು ಕಳೆಯುವ ಈ ಅತಿಥಿಗಳು ಊರಿನ ನೀತಿಯನ್ನು ಚೆನ್ನಾಗಿಯೇ ಕಲಿತಿವೆ.

ಕಡಲಿಗೆ ಆಗದಷ್ಟು ಹಳತಾದ ಬಲೆಯೂ ಇಲ್ಲಿ ಕಸವಲ್ಲ. ಬೈಂದೂರಿನ ಕಡೆಗೆ ಸಾಗಿದಂತೆ ಹೊಯಿಗೆ ಮಣ್ಣಿನ ಗದ್ದೆಗಳಲ್ಲಿ ನೆಲಗಡಲೆಯ ಹಸಿರು, ಮನೆಯ ಬಳಿ ಹರಿವೆ, ಅಲಸಂಡೆಗಳ ಪಾತಿ. ಅವುಗಳ ಸುತ್ತ ಬೇಲಿಯಾಗಿ ನಿಂತಿರುವುದು ಹಳೆಯ ಮೀನುಬಲೆ. ಕೋಳಿಯನ್ನೂ ಕರುವನ್ನೂ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ಈ ಮಿತವ್ಯಯಕ್ಕೂ ಒಂದು ಬೆಲೆಯುಂಟು. ನೈಲಾನಿನ ಕಣ್ಣುಗಳಲ್ಲಿ ಕೇರೆಹಾವು ಸಿಕ್ಕಿಕೊಳ್ಳುತ್ತದೆ, ರಾತ್ರಿ ಇಲಿಯನ್ನು ಹಿಡಿಯಲೆರಗಿದ ಗೂಬೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಹತ್ತಿಯ ಬಲೆ ಮಳೆಗೆ ಕೊಳೆತು ಮಣ್ಣಾಗುತ್ತಿತ್ತು, ಇದು ಕೊಳೆಯುವುದಿಲ್ಲ. ಬೆಳಗ್ಗೆ ಎದ್ದು ಬೇಲಿಯನ್ನೊಮ್ಮೆ ನೋಡಿ, ಸಿಕ್ಕಿಬಿದ್ದ ಜೀವವಿದ್ದರೆ ಕತ್ತರಿಯಿಂದ ಬಿಡಿಸುವ ಮನೆಗಳೂ ಉಂಟು. ಹಳೆಯದನ್ನು ಉಳಿಸುವವನು ಅದರ ಮೇಲೆ ಕಣ್ಣನ್ನೂ ಇಟ್ಟಿರಬೇಕೆಂಬುದನ್ನು ಆ ಬೇಲಿ ಕಲಿಸುತ್ತದೆ.

ಇದೇ ಸೀಮೆಯ ತೋಡಿನ ದಂಡೆಗಳಲ್ಲಿ ಕೇದಗೆಯ ಜಾತಿಯ ಮುಳ್ಳುಗಿಡ ಬೆಳೆಯುತ್ತದೆ. ಅದರ ಓಲೆಯ ಚಾಪೆ ಒಂದು ಕಾಲಕ್ಕೆ ಮನೆಮನೆಯ ಹಾಸಿಗೆಯಾಗಿತ್ತು. ಓಲೆಯ ಎರಡು ಅಂಚಿನ ಮುಳ್ಳು, ಬೆನ್ನಿನ ಮುಳ್ಳು ತೆಗೆದು, ಬಾಡಿಸಿ, ಒಣಗಿಸಿ, ಒಂದೇ ಅಗಲದ ಎಳೆಗಳಾಗಿ ಸೀಳಿ ಹೆಣೆಯಬೇಕು. ಮಳೆಗಾಲದಲ್ಲಿ ಓಲೆ ಒಣಗದು, ಕಡುಬೇಸಗೆಯಲ್ಲಿ ಬಿರುಸಾಗಿ ಸೀಳಿಹೋಗುತ್ತದೆ. ಇಬ್ಬನಿ ಬೀಳುವ ತಿಂಗಳುಗಳೇ ಈ ಕೆಲಸಕ್ಕೆ ಹಿತ. ಪೇಟೆಯ ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಹೆಣೆಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ.

ಜಗಲಿಯಲ್ಲಿ ಕುಳಿತು ಚಾಪೆ ಹೆಣೆಯುವವಳ ಎದುರಿಗೇ ದಾಸವಾಳದ ಗಿಡದಲ್ಲಿ ಇನ್ನೊಂದು ಕೈಕೆಲಸ ನಡೆದಿರುವುದುಂಟು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸಿಂಪಿಗ ಹಕ್ಕಿ ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಜೇಡನ ನೂಲಿನಿಂದಲೂ ಹತ್ತಿಯ ಎಳೆಯಿಂದಲೂ ಹೊಲಿದು ಚೀಲ ಮಾಡುತ್ತದೆ. ಸೂರಕ್ಕಿಯದು ಮತ್ತೂ ವಿಚಿತ್ರ. ಒಣಗಿದ ಎಲೆ, ತೊಗಟೆಯ ಚೂರು, ಕಾಗದದ ತುಣುಕು, ಗುಡಿಸಿ ಹೊರಹಾಕಿದ್ದನ್ನೆಲ್ಲ ಜೇಡರ ಬಲೆಯಿಂದ ಬಿಗಿದು, ಮಾಡಿನ ಅಂಚಿನಲ್ಲಿ ಗೂಡನ್ನು ತೂಗುಬಿಡುತ್ತದೆ. "ಎಂತಕಾರೂ ಆತ್ತ್" ಎಂಬ ಮಾತನ್ನು ಮನುಷ್ಯ ಹಕ್ಕಿಯಿಂದ ಕಲಿತನೋ, ಹಕ್ಕಿ ಮನುಷ್ಯನಿಂದ ಕಲಿಯಿತೋ!

ಅಡಿಕೆ ತೋಟದ ನೆರಳಿಗೆ ಬರುವ ಅತಿಥಿ ನವರಂಗ. ಹಿಮಾಲಯದ ತಪ್ಪಲಿನಲ್ಲೂ ಮಧ್ಯ ಭಾರತದಲ್ಲೂ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವ ಈ ಹಕ್ಕಿಯ ಮೈಮೇಲೆ ಹಸಿರು, ನೀಲಿ, ಕೆಂಪು, ಕಪ್ಪು, ಬಿಳಿ, ಎಲ್ಲ ಬಣ್ಣಗಳೂ ಉಂಟು. ಆದರೂ ಅದು ಕಾಣಿಸುವುದು ಅಪರೂಪ. ಮುಸ್ಸಂಜೆಯ ಎರಡು ಸ್ವರದ ಸಿಳ್ಳಿನಿಂದಲೇ ಗುರುತಿಸಬೇಕು. ಅದರ ಆಹಾರ ತರಗೆಲೆಯ ಕೆಳಗಿನ ಹುಳುಗಳು. ತರಗೆಲೆಯನ್ನು ಗುಡಿಸಿ ಬೆಂಕಿ ಹಾಕಿದ ತೋಟದಲ್ಲಿ ಅದಕ್ಕೆ ಊಟವಿಲ್ಲ. ಹಟ್ಟಿಗೆ ಹಾಸಲು ಬೇಕಾದಷ್ಟನ್ನು ಒಯ್ದು ಉಳಿದದ್ದನ್ನು ಮರದ ಬುಡಕ್ಕೇ ಬಿಡುವ ಹಳೆಯ ಕ್ರಮದಲ್ಲಿ ಗಿಡಕ್ಕೂ ಗೊಬ್ಬರ, ಅತಿಥಿಗೂ ಆತಿಥ್ಯ.

ದಕ್ಷಿಣಕ್ಕೆ ಮರಳಿ, ಕುಂದಾಪುರವನ್ನು ಹಿಂದಿಕ್ಕಿ ಸಾಗಿದರೆ ಕೋಟ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದೆ. ಅವರ 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಓದಿದವರು ಪಾರೋತಿ, ಸರಸೋತಿಯರನ್ನು ಮರೆಯಲಾರರು. ಕಡಲಿಗೂ ಹೊಳೆಗೂ ನಡುವಿನ ಮರಳಿನಲ್ಲಿ ಅವರು ಹಿಡಿಹಿಡಿಯಾಗಿ ಉಳಿಸಿದ್ದು ಹವ್ಯಾಸಕ್ಕಲ್ಲ, ಹೊಟ್ಟೆಗೆ. ಇಂದಿನ ಅಂಗಳದ ಸಂತೋಷವನ್ನು ಬಣ್ಣಿಸುವಾಗ ಈ ಮಾತನ್ನು ಮರೆಯಬಾರದು. ಅಂದು ಹಸಿವು ಕಲಿಸಿದ ವಿದ್ಯೆ ಇಂದು ಪ್ರೀತಿಯ ಅಭ್ಯಾಸವಾಗಿ ಉಳಿದಿದೆ. ಹಸಿವು ಹೋದದ್ದು ಒಳ್ಳೆಯದೇ. ಅದರ ಜತೆಗೆ ವಿದ್ಯೆಯೂ ಹೋಗಬೇಕೆ ಎಂಬುದೇ ಪ್ರಶ್ನೆ.

ಒಂದು ನಿದರ್ಶನ ಸಾಕು. ಕೊಯ್ಲು ಮುಗಿದ ಅಂಗಳಗಳಲ್ಲಿ ಹಿಂದೆ ಬೈಹುಲ್ಲಿನ ಹಗ್ಗ ಹೊಸೆದು ಅಕ್ಕಿಯ ಮುಡಿ ಕಟ್ಟುತ್ತಿದ್ದರು. ಚೆಂಡಿನಂತೆ ದುಂಡಗೆ ಬಿಗಿದ ಆ ಮುಡಿಯೊಳಗೆ ಅಕ್ಕಿ ಮಳೆಗಾಲವನ್ನು ಕಳೆಯುತ್ತಿತ್ತು. ಅದಕ್ಕೆ ಉದ್ದನೆಯ, ಮುರಿಯದ ಹುಲ್ಲು ಬೇಕು. ಯಂತ್ರದಿಂದ ಕೊಯ್ದ ಹುಲ್ಲು ತುಂಡಾಗಿ ಬೀಳುವುದರಿಂದ ಮುಡಿಗೆ ಒದಗದು. ಮುಡಿ ಕಟ್ಟಬಲ್ಲವರು ಇಂದು ಹುಡುಕಿದರೆ ಸಿಗುವಷ್ಟು ಮಂದಿ. ಕುತ್ತರಿಯ ಬುಡದಲ್ಲಿ ಉದುರಿದ ಕಾಳಿಗೆ ಬರುವ ರಾಟವಾಳ, ಗುಬ್ಬಚ್ಚಿಗಳಿಗೆ ಮಾತ್ರ ಯಂತ್ರದ ಹುಲ್ಲೂ ಒಂದೇ, ಕೈಯ ಹುಲ್ಲೂ ಒಂದೇ.

ಈ ಅಂಗಳದ ನಿಜವಾದ ಯಜಮಾನ ಬೆಕ್ಕು. ಮೀನಿನ ಬುಟ್ಟಿ ಹೊತ್ತವಳ ಕೂಗು ಮನೆಯವರ ಕಿವಿಗೆ ಬೀಳುವ ಮೊದಲೇ ಅದು ತಡಮೆಯ ಬಳಿ ಹಾಜರು. ವ್ಯಾಪಾರ ಮುಗಿದ ಮೇಲೆ ಬಂಗುಡೆಯ ತಲೆ ಅದರ ಪಾಲಿಗೆ ಬರುವುದು ಸಂಪ್ರದಾಯ. ಬಿಸಿಲಿಗೆ ಹರಡಿದ ಹಳೆ ಸೀರೆಯ ಹೊದಿಕೆಯ ನಟ್ಟನಡುವೆ ಮಲಗಿ, ಹೊಲಿಯುವವಳ ದಾರವನ್ನು ಎಳೆದಾಡುವ ಅದನ್ನು ಯಾರೂ ಏಳಿಸುವುದಿಲ್ಲ. ಕೋಣ ಸಾಕಿದ ಮನೆಗಳಲ್ಲಂತೂ ಇದು ಕಂಬಳದ ಕಾಲ. ಮಕ್ಕಳಿಗೆ ಎಣ್ಣೆಸ್ನಾನ ತಪ್ಪಿದರೂ ಕೋಣಗಳಿಗೆ ಎಣ್ಣೆ ತಿಕ್ಕುವುದು ತಪ್ಪದು. ಬೇಯಿಸಿದ ಹುರುಳಿಯ ಪರಿಮಳ ಹಟ್ಟಿಯಿಂದ ಹಾದಿಯವರೆಗೂ ಬರುತ್ತದೆ.

ಮನೆಯೆಂದರೆ ಈ ಸೀಮೆಯಲ್ಲಿ ಹೆಂಚಿನ ಮನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಹೆಂಚಿಗೂ ಪಕಾಸಿಗೂ ನಡುವಿನ ಸಂದು ಗುಬ್ಬಚ್ಚಿಯ ಸಂಸಾರಕ್ಕೆ ಹೇಳಿ ಮಾಡಿಸಿದ ಜಾಗ. 2020ರಲ್ಲಿ ಪ್ರಕಟವಾದ ದೇಶದ ಪಕ್ಷಿಗಳ ಸ್ಥಿತಿಗತಿಯ ವರದಿಯು ಗುಬ್ಬಚ್ಚಿಯ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದೂ ಮಹಾನಗರಗಳಲ್ಲಿ ಇಳಿಯುತ್ತಿದೆಯೆಂದೂ ಹೇಳಿತು. ಹೆಂಚಿನ ಮಾಡುಗಳು ಕಾಂಕ್ರೀಟಿಗೆ ಎಡೆಬಿಟ್ಟ ಊರುಗಳಲ್ಲಿ ಅದು ಎಲ್ಲಿ ಗೂಡು ಕಟ್ಟಬೇಕು? ಮನೆಯವರನ್ನು ದೂರುವಂತೆಯೂ ಇಲ್ಲ. ಪ್ರತಿ ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ ಒಡೆದ ಹೆಂಚು ಬದಲಿಸಲು ಆಳಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇದ್ದಾರೆ. ಮಣಿಪಾಲದ ವಿಜಯನಾಥ ಶೆಣೈಯವರು ಇಂಥ ಮನೆಗಳನ್ನು ಕಳಚಿ ತಂದು ಮರಳಿ ನಿಲ್ಲಿಸುವುದರಲ್ಲೇ ಆಯುಷ್ಯ ಸವೆಸಿ 2017ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂದಾಪುರ ಸೀಮೆಯ ಹರ್ಕೂರು ಒಳಗಿನಮನೆಯೂ ಒಂದು. ಆದರೆ ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ.

ಬ್ರಹ್ಮಾವರದ ಸಮೀಪದ ಒಂದು ಮನೆಯಲ್ಲಿ ಈ ಪ್ರಶ್ನೆಗೆ ಸಣ್ಣದೊಂದು ಉತ್ತರ ದೊರೆತಿದೆ. ಸೋರುವ ಮಾಡನ್ನು ಕೆಡವಿ ಮಕ್ಕಳು ತಾರಸಿಯ ಮನೆ ಕಟ್ಟಿಸಿದರು. ಅಜ್ಜಿ ಬೇಡವೆನ್ನಲಿಲ್ಲ, ಆದರೆ ಯಾವುದನ್ನೂ ಎಸೆಯಗೊಡಲಿಲ್ಲ. ಹಳೆಯ ದಾರಂದವೇ ಹೊಸ ಬಾಗಿಲಿಗೆ ಬಂತು. ಗಟ್ಟಿಯಾದ ಹೆಂಚುಗಳು ಹಟ್ಟಿಯ ಮಾಡೇರಿದವು. ಒಡೆದವು ಮಲ್ಲಿಗೆಯ ಪಾತಿಗೆ ಅಂಚಾದವು. ಕಂಠ ಬಿರುಕುಬಿಟ್ಟ ಮಣ್ಣಿನ ಗಡಿಗೆಗೆ ಹೊಟ್ಟೆಯಲ್ಲಿ ಒಂದು ತೂತು ಕೊರೆಯಿಸಿ, ಹೊಸ ಜಗಲಿಯ ಮೂಲೆಯಲ್ಲಿ, ಬೆಕ್ಕು ಹಾರದಷ್ಟು ಎತ್ತರದಲ್ಲಿ ಅಜ್ಜಿ ತೂಗುಹಾಕಿಸಿದರು. ಮೊದಲ ಚಳಿಗಾಲ ಯಾವ ಹಕ್ಕಿಯೂ ಬರಲಿಲ್ಲ. ರಜೆಗೆ ಬಂದ ಮೊಮ್ಮಗ ದಿನವೂ ಕೆಳಗೆ ನಿಂತು ನೋಡಿ ನಿರಾಶನಾದ.

"ಬತ್ತ್ ಮಗಾ, ಅವಸರ ಎಂತಕೆ?" ಎಂದರು ಅಜ್ಜಿ, ಮಡಲಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತ.

ಎರಡನೆಯ ಚಳಿಗಾಲದಲ್ಲಿ ಜೋಡಿ ಗುಬ್ಬಚ್ಚಿಗಳು ಬಂದು ಗಡಿಗೆಯ ಅಂಚಿನ ಮೇಲೆ ಕುಳಿತು, ಒಳಗೆ ಇಣುಕಿ, ಹಾರಿಹೋದವು. ಮರುದಿನ ಮತ್ತೆ ಬಂದವು. ಈ ಸಲ ಒಂದರ ಕೊಕ್ಕಿನಲ್ಲಿ ಅಂಗಳದಿಂದ ಹೆಕ್ಕಿದ ಹುಲ್ಲುಕಡ್ಡಿಯೊಂದಿತ್ತು. ಮೊಮ್ಮಗ ಉಸಿರು ಬಿಗಿಹಿಡಿದು ನಿಂತ. ಅಜ್ಜಿ ತಲೆಯೆತ್ತಿ ಒಮ್ಮೆ ನೋಡಿ, ಗುಡಿಸಲು ಎತ್ತಿಕೊಂಡ ಹಿಡಿಸೂಡಿಯನ್ನು ಕೆಳಗಿಟ್ಟು, ಅಂಗಳದ ಹುಲ್ಲನ್ನು ಆ ದಿನ ಹಾಗೆಯೇ ಬಿಟ್ಟರು.